ನಿದ್ದೆಯ ಹದ

'ಅರಿವಳಿಕೆ' ಎಂದರೆ ಅರಿವನ್ನು ಅಳಿಸುವುದು. ಕನ್ನಡ ಪಾಠ ಹೇಳುವ ನನಗೆ ಈ ಪದ ಕಂಡಾಗಲೆಲ್ಲ ಮೂರ್ಛೆರೋಗದ ನೆನಪಾಗುತ್ತದೆ. ಆ ರೋಗದ ಕೆಲಸವೂ ಅದೇ ಅಲ್ಲವೇ? ರೋಗವೇ ಅರಿವನ್ನು ಕಸಿಯುವ ಮಗುವಿಗೆ ವೈದ್ಯರೂ ಅರಿವು ತಪ್ಪಿಸಬೇಕಾದಾಗ ಯಾವ ಮದ್ದು, ಎಷ್ಟು ಎಂಬ ಪ್ರಶ್ನೆಗೆ ಶತಮಾನಕ್ಕೂ ಮೀರಿದ ಇತಿಹಾಸವಿದೆ.

ನಾಡಿನ ಇತರೆಡೆಯಂತೆ ಕಾಮಸಮುದ್ರದ ಸೀಮೆಯಲ್ಲಿಯೂ ಮೂರ್ಛೆ ಬಂದ ಮಗುವಿನ ಕೈಗೆ ಬೀಗದ ಕೈ ಹಿಡಿಸುವುದುಂಟು. ಆ ಊರಿನ ಮೇಲೆ ಹಾಯುವ ಚೆನ್ನೈ ರೈಲುದಾರಿಯಲ್ಲಿ ಸಾಗಿ ಕಾಟ್ಪಾಡಿಯಲ್ಲಿ ಇಳಿದರೆ ವೆಲ್ಲೂರು ಹತ್ತಿರ. ಅಲ್ಲಿಯ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಜೇಕಬ್ ಚಾಂಡಿಯವರು 1949ರಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗ ತೆರೆದು, 1952ರಲ್ಲಿ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ನಡೆಸಿದರು. ಭಾರತದಲ್ಲಿ ಅದೇ ಮೊದಲನೆಯದು.

1886ರಲ್ಲಿ ಲಂಡನ್ನಿನ ವಿಕ್ಟರ್ ಹಾರ್ಸ್ಲಿ ಇಂಥ ಚಿಕಿತ್ಸೆಗೆ ಕ್ಲೋರೋಫಾರ್ಮನ್ನು ಆರಿಸಿಕೊಂಡಿದ್ದ. ಈಥರಿನಿಂದ ರಕ್ತಸ್ರಾವ ಹೆಚ್ಚೀತೆಂಬುದು ಅವನ ಅಂಜಿಕೆ. ಚಾಂಡಿಯವರ ಗುರು, ಮಾಂಟ್ರಿಯಲ್‌ನ ಪೆನ್‌ಫೀಲ್ಡ್, ಬೇರೆ ದಾರಿ ಹಿಡಿದರು. ಮಿದುಳಿಗೆ ತನ್ನದೇ ನೋವಿಲ್ಲ. ಆದ್ದರಿಂದ ನೆತ್ತಿಯನ್ನಷ್ಟೇ ಮರಗಟ್ಟಿಸಿ, ಎಚ್ಚರವಿರುವ ರೋಗಿಯನ್ನು ಮಾತನಾಡಿಸುತ್ತಲೇ, ಮಾತಿನ ನೆಲೆಗೆ ಧಕ್ಕೆಯಾಗದಂತೆ ಕತ್ತಿಯಾಡಿಸುತ್ತಿದ್ದರು.

ಎಳೆಯ ಮಕ್ಕಳಲ್ಲಿ ಇದು ಸಾಗದು. ಅವರನ್ನು ಮಲಗಿಸಲೇಬೇಕು. ಇಕ್ಕಟ್ಟು ಇರುವುದು ಇಲ್ಲಿಯೇ. ರೋಗದ ಬೇರನ್ನು ಹುಡುಕಲು, ಅನೇಕ ವೇಳೆ, ತೆರೆದ ಮಿದುಳಿನ ವಿದ್ಯುತ್ ಅಲೆಗಳನ್ನು ಯಂತ್ರದಿಂದ ಬರೆದುಕೊಳ್ಳುತ್ತಾರೆ. ಮಗುವಿನೊಡನೆ ಆ ಅಲೆಗಳೂ ಮಲಗಿಬಿಟ್ಟರೆ? ಡಯಜೆಪಾಮ್ ಮೂರ್ಛೆಯನ್ನೇ ಅಡಗಿಸುವ ಮದ್ದು. 1956ರಲ್ಲಿ ಬಳಕೆಗೆ ಬಂದ ಹ್ಯಾಲೋಥೇನ್ ಕೂಡ ಹೆಚ್ಚಾದರೆ ಅಲೆಗಳನ್ನು ತಗ್ಗಿಸುತ್ತದೆ. ಅನಂತರ ಬಂದ ಎನ್‌ಫ್ಲುರೇನ್ ಇಲ್ಲದ ಕಡೆಯೂ ಮೂರ್ಛೆಯಂಥ ಅಲೆ ಎಬ್ಬಿಸಬಲ್ಲದು. ಒಂದು ನಿಜವನ್ನು ಮುಚ್ಚಿದರೆ ಇನ್ನೊಂದು ಸುಳ್ಳನ್ನು ಹೇಳುತ್ತದೆ!

ಇಂದು ಸೆವೋಫ್ಲುರೇನನ್ನು ಮಿತವಾಗಿ ಬಳಸಿ, ನೋವಿಗೆ ಫೆಂಟನಿಲ್ ಜಾತಿಯ ಮದ್ದು ಕೊಟ್ಟು, ಅಲೆ ಬರೆಯುವ ಹೊತ್ತಿಗೆ ನಿದ್ದೆಯನ್ನು ತೆಳುವಾಗಿಸುವುದು ಒಂದು ರೂಢಿ. ಮಿದುಳಿನ ಅರ್ಧಭಾಗದ ಸಂಬಂಧವನ್ನೇ ಕಡಿಯುವ ದೊಡ್ಡ ಚಿಕಿತ್ಸೆಯಲ್ಲಿ ಮಾತ್ರ ಹಾರ್ಸ್ಲಿಯ ಹಳೆಯ ಚಿಂತೆ ಮರಳುತ್ತದೆ. ಪುಟ್ಟ ಮೈಯಲ್ಲಿರುವ ರಕ್ತವೇ ಸ್ವಲ್ಪ. ವರ್ಷಗಟ್ಟಲೆ ಫೆನಿಟಾಯಿನ್ ನುಂಗಿದ ಮಗುವಿನ ದೇಹ ಅರಿವಳಿಕೆಯ ಕೆಲವು ಮದ್ದುಗಳನ್ನು ಬೇಗ ಕರಗಿಸುತ್ತದೆ. ಆದ್ದರಿಂದ ಮನೆಯಲ್ಲಿ ಕೊಡುತ್ತಿರುವ ಗುಳಿಗೆಗಳೆಲ್ಲವನ್ನೂ ತಾಯಿತಂದೆಯರು ಅರಿವಳಿಕೆ ತಜ್ಞರಿಗೆ ಬಿಡದೆ ಹೇಳಬೇಕು.

ಅದೇ ರೈಲುದಾರಿ ಇನ್ನೊಂದು ದಿಕ್ಕಿಗೆ ಬೆಂಗಳೂರಿನ ನಿಮ್ಹಾನ್ಸ್‌ನತ್ತ ಒಯ್ಯುತ್ತದೆ. ಈ ಚಿಕಿತ್ಸೆ ಅಲ್ಲಿಯೂ ಉಂಟು. 'ಮಲಗಿಸಿದ ಮಗು ಕಣ್ಣು ಬಿಟ್ಟೀತೇ?' ಎಂಬ ಹೆತ್ತವರ ಅಳುಕು ಸಹಜವೇ. ಆದರೆ ಗುಳಿಗೆಗೆ ಬಗ್ಗದ ಮೂರ್ಛೆ ಮತ್ತೆ ಮತ್ತೆ ಬರುತ್ತಿರುವಾಗ, ಬೀಗದ ಕೈ ಹಿಡಿಸಿ ಕುಳಿತ ವರ್ಷಗಳಲ್ಲಿ ಬೆಳೆಯುವ ಮಿದುಳು ಕಳೆದುಕೊಳ್ಳುವುದೂ ಕಡಿಮೆಯಲ್ಲ.