ಚಂದಾ ಪುಸ್ತಕದಿಂದ ಸಂಬಳದ ಪುಸ್ತಕಕ್ಕೆ

ಗಣೇಶನ ಹಬ್ಬ ಬಂತೆಂದರೆ ನಮ್ಮ ಹದಿನಾರು ಕಡೆಯ ಯುವಕ ಸಂಘಗಳ ಚಂದಾ ಪುಸ್ತಕ ಹೊರಗೆ ಬರುತ್ತದೆ. ನಡುವೆ ಒಂದು ರಕ್ತದಾನ ಶಿಬಿರ, ಮಕ್ಕಳಿಗೆ ನೋಟ್‌ಬುಕ್. ಆಮೇಲೆ ಹುಡುಗರು ಬೆಂಗಳೂರಿಗೋ ನಂಜನಗೂಡಿನ ಕಾರ್ಖಾನೆಗೋ ಕೆಲಸಕ್ಕೆ ಸೇರುತ್ತಾರೆ, ಸಂಘದ ಬೋರ್ಡು ಮಾತ್ರ ನಿಂತಿರುತ್ತದೆ. ಹಾಗಾಗದೆ ಬೆಳೆದ ಒಂದು ಸಂಘ ನಮ್ಮ ಜಿಲ್ಲೆಯಲ್ಲೇ ಇದೆ.

1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಮೊದಮೊದಲು ಮಾಡಿದ್ದು ಡಾಕ್ಟರುಗಳ ಬಳಿ ಉಳಿದ ಸ್ಯಾಂಪಲ್ ಮಾತ್ರೆ ಕೂಡಿಸಿ ಬಡ ರೋಗಿಗಳಿಗೆ ಕೊಡುವಂಥ ಕೆಲಸ. ನಮ್ಮೂರ ಸಂಘಕ್ಕಿಂತ ದೊಡ್ಡದೇನಲ್ಲ.

1987ರಲ್ಲಿ ಅವರು ಎಚ್.ಡಿ. ಕೋಟೆ ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ಚಿಕಿತ್ಸೆ ಶುರು ಮಾಡಿದರು. ಕಬಿನಿ ಅಣೆಕಟ್ಟಿಗೂ ಹುಲಿ ಕಾಡಿಗೂ ನೆಲೆ ಬಿಟ್ಟುಕೊಟ್ಟ ಜೇನುಕುರುಬರು, ಕಾಡುಕುರುಬರು ಅಲ್ಲಿದ್ದರು. ಅದೇ ಕಬಿನಿಯ ನಾಲೆ ನಂಜನಗೂಡು, ತಿ. ನರಸೀಪುರದ ಗದ್ದೆಗಳಿಗೆ ನೀರು ತಂದಿದೆ. ನಮ್ಮ ಭತ್ತದಲ್ಲಿ ಅವರ ಪಾಲೂ ಇದೆ ಎನ್ನುವುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಮರುವರ್ಷ ದನದ ಕೊಟ್ಟಿಗೆಯಲ್ಲಿ 28 ಹಾಡಿ ಮಕ್ಕಳಿಗೆ ಶಾಲೆ ತೆರೆದರು. ಸಂಘದ ಸ್ವರೂಪ ಬದಲಾದದ್ದು ಇಲ್ಲಿಂದ ಅಂತ ನಮ್ಮ ಲೆಕ್ಕ. ಮಾತ್ರೆಯನ್ನು ಸಿಕ್ಕಾಗ ಹಂಚಬಹುದು, ಮೇಷ್ಟ್ರ ಸಂಬಳವನ್ನು ತಿಂಗಳು ತಿಂಗಳೂ ಕೊಡಬೇಕು. ಮುಂದೆ ಹೊಸಹಳ್ಳಿಯ ವಸತಿ ಶಾಲೆ, ಸರಗೂರಿನ ಆಸ್ಪತ್ರೆ, ಮೈಸೂರಿನಲ್ಲಿ ತರಬೇತಿ ಸಂಸ್ಥೆ ಎಲ್ಲವೂ ಆದವು. ಹಾಗೆ ಬೆಳೆದ ಸಂಸ್ಥೆಗೆ ದಾನಿಗಳೂ ಬೇಕು, ಸರ್ಕಾರದ ಯೋಜನೆಗಳೂ ಬೇಕು. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕಾಯಿತು, ಸೇವಾ ಸಂಸ್ಥೆಗಳಿಗೆ ಇನ್ನೊಂದು ಬಾಗಿಲು ತೆರೆಯಿತು. ಆದರೆ ಕೊಡುವ ಕಂಪನಿ ವರದಿ ಕೇಳುತ್ತದೆ, ತನಗೆ ಬೇಕಾದ ಕೆಲಸಕ್ಕೇ ಕೊಡುತ್ತದೆ. ಹಾಡಿಗೆ ಏನು ಬೇಕು ಎನ್ನುವುದು ಆಗ ಎರಡನೇ ಪ್ರಶ್ನೆಯಾಗುವ ಭಯವಿದೆ.

ಯಾರ ಹಂಗೂ ಇಲ್ಲದೆ, ದುಡಿದದ್ದನ್ನು ಮಾರಿ ಕೂಲಿ ಕೊಡುವ ದಾರಿಯೂ ಉಂಟು. ಈಗ ಅದಕ್ಕೆ ಸಾಮಾಜಿಕ ಉದ್ಯಮ ಎನ್ನುತ್ತಾರೆ. ಹೆಸರು ಹೊಸದು, ಕೆಲಸ ನಮ್ಮ ನಂಜನಗೂಡು ತಾಲ್ಲೂಕಿಗೆ ಹಳೆಯದು. ಬದನವಾಳಿನ ಖಾದಿ ಕೇಂದ್ರದಲ್ಲಿ ಹೆಂಗಸರು ನೂಲು ತೆಗೆದು ಕೂಲಿ ಪಡೆಯುತ್ತಿದ್ದರು. 1927ರಲ್ಲಿ ಗಾಂಧೀಜಿಯೇ ಬಂದು ನೋಡಿದ ಜಾಗ ಅದು. ಗಿರಣಿ ಬಟ್ಟೆಯ ಮುಂದೆ ಖಾದಿ ಸೋತಂತೆ ಕೇಂದ್ರವೂ ಸೊರಗಿತು. ಮಾರುಕಟ್ಟೆ ನಂಬಿದರೂ ಕಷ್ಟವೇ. 2015ರಲ್ಲಿ ರಂಗಕರ್ಮಿ ಪ್ರಸನ್ನ ಅದೇ ಬದನವಾಳಿನಲ್ಲಿ ಸತ್ಯಾಗ್ರಹ ಕೂತರು. ಕೈಯಿಂದ ಮಾಡಿದ್ದನ್ನು ಕೊಳ್ಳಿ ಎಂದು ಕೇಳಲು ನಾನಾ ಕಡೆಯ ಜನ ಆ ಪಾಳು ಅಂಗಳಕ್ಕೆ ಬಂದಿದ್ದರು.