ಅನ್ನದ ಜೊತೆ ಗ್ರಂಥ: ಯುದ್ಧಾನಂತರದ ರಬ್ಬಿಗಳ ಪತ್ರವ್ಯವಹಾರ

1945ರ ಮೇ ತಿಂಗಳಲ್ಲಿ ಯುರೋಪಿನಲ್ಲಿ ಯುದ್ಧ ನಿಂತಾಗ ಪೋಲೆಂಡ್, ಲಿಥುವೇನಿಯಾಗಳ ಯೆಶಿವಾಗಳು, ಅಂದರೆ ಯೆಹೂದಿ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದ್‌ನ ಅಧ್ಯಯನದ ಗುರುಕುಲಗಳು, ನಾಶವಾಗಿದ್ದವು. ಬದುಕುಳಿದ ವಿದ್ವಾಂಸರಲ್ಲಿ ಅನೇಕರು ಜರ್ಮನಿಯ ನಿರಾಶ್ರಿತರ ಶಿಬಿರಗಳನ್ನು ಸೇರಿದರು. ಮೀರ್ ಯೆಶಿವಾದವರು ದೂರದ ಶಾಂಘೈನಲ್ಲಿದ್ದರು. ಇಂಥವರ ನೆರವಿಗಾಗಿ ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಬರೆದ ಪತ್ರಗಳನ್ನು ಬರೀ ಯಾಚನೆಯೆಂದು ಓದಿದರೆ ತಿರುಳೇ ಕೈತಪ್ಪುತ್ತದೆ. ಹಂಚುವಾಗ ಯಾರಿಗೆ ಮೊದಲು, ಹಂಚಬೇಕಾದ್ದಾದರೂ ಏನು ಎಂಬ ಗಟ್ಟಿ ವಾದ ಅವುಗಳ ಹಿಂದಿದೆ.

ರಬ್ಬಿಗಳ ಪತ್ರಕ್ಕೆ ತನ್ನದೇ ಕಟ್ಟಳೆಯಿದೆ. ನೆತ್ತಿಯಲ್ಲಿ ದೇವರ ನೆರವನ್ನು ನೆನೆಯುವ ಎರಡು ಹೀಬ್ರೂ ಅಕ್ಷರ. ತಾರೀಖಿನ ಜಾಗದಲ್ಲಿ ಆ ವಾರ ಪಠಿಸುವ ಧರ್ಮಗ್ರಂಥ ತೋರಾದ ಭಾಗದ ಹೆಸರು, ಜೊತೆಗೆ 5706ರಂಥ ಹೀಬ್ರೂ ವರ್ಷ. ಆಮೇಲೆ ಬಿರುದುಗಳ ಸಾಲು. ವಿಷಯ ಬರುವುದು ಇಷ್ಟೆಲ್ಲ ಆದಮೇಲೆ. ಎಲ್ಲವನ್ನೂ ಕಳೆದುಕೊಂಡವನನ್ನೂ ಈ ಒಕ್ಕಣೆ ಪಂಡಿತನೆಂದೇ ಸಂಬೋಧಿಸುತ್ತದೆ. ಅದು ಬರಿಯ ಶಿಷ್ಟಾಚಾರವಲ್ಲ, ಮನ್ನಣೆ.

ವಿದ್ವಾಂಸರಿಗೆ ನೆರವಾಗಲೆಂದೇ ಅಮೆರಿಕದಲ್ಲಿ 1915ರಲ್ಲಿ ಎಜ್ರಾಸ್ ತೋರಾ ಎಂಬ ಸಂಸ್ಥೆ ಹುಟ್ಟಿತ್ತು. 1925ರಿಂದ ರಬ್ಬಿ ಯೋಸೆಫ್ ಎಲಿಯಾಹು ಹೆನ್‌ಕಿನ್ ಅದನ್ನು ನಡೆಸುತ್ತಿದ್ದರು. ಸಿನ್ಸಿನಾಟಿಯ ರಬ್ಬಿ ಎಲಿಯೆಜರ್ ಸಿಲ್ವರ್ ಮುಂದಾಳುತನದಲ್ಲಿ 1939ರಲ್ಲಿ ವಾದ್ ಹತ್ಸಾಲಾ ಎಂಬ ರಕ್ಷಣಾ ಸಮಿತಿಯೂ ಇದಕ್ಕೆ ಜೊತೆಯಾಯಿತು. ಆದರೆ ದೊಡ್ಡ ಹಣವಿದ್ದದ್ದು 1914ರಲ್ಲಿ ಹುಟ್ಟಿದ, ಜಾಯಿಂಟ್ ಎಂದು ಕರೆಯಲಾಗುವ ಅಮೆರಿಕದ ಯೆಹೂದಿ ಪರಿಹಾರ ಸಂಸ್ಥೆಯ ಬಳಿ. ಯೆಹೂದಿಗಳೆಲ್ಲರೂ ಸಮಾನರು ಎಂಬುದು ಅದರ ನೀತಿ. ಇದಕ್ಕೆದುರಾಗಿ ರಬ್ಬಿಗಳು ತಾಲ್ಮುದ್‌ನ ಮೂಲಪಾಠವಾದ ಮಿಷ್ನಾದತ್ತ ಬೆರಳು ತೋರಿಸಬಹುದಿತ್ತು: ಹೊರಾಯೊತ್ ಭಾಗದ ಕೊನೆಯಲ್ಲಿ, ಅಜ್ಞಾನಿ ಮಹಾಯಾಜಕನಿಗಿಂತ ನಿಷಿದ್ಧ ಸಂಬಂಧದಲ್ಲಿ ಹುಟ್ಟಿದ ಪಂಡಿತನಿಗೆ ಆದ್ಯತೆ. ಆದರೂ 1944ರ ಆರಂಭದಲ್ಲಿ ವಾದ್ ತಾನಾಗಿಯೇ ಎಲ್ಲ ಯೆಹೂದಿಗಳ ರಕ್ಷಣೆಗೆ ಕೈಹಾಕಿತು. ಸಾವು ಎದುರಿಗಿದ್ದಾಗ ಅದೇ ಸರಿ. ಶಿಬಿರದ ಬದುಕಿಗೆ ಬಂದರೆ ನನ್ನ ಒಲವು ರಬ್ಬಿಗಳ ಕಡೆಗೆ. ಓದೇ ಉಸಿರಾದವನಿಗೆ ಪಡಿತರ ಕೊಟ್ಟು ಪುಸ್ತಕ ಕೊಡದಿದ್ದರೆ ಅದು ಅರೆ ನೆರವು.

ಈ ಮಾತಿಗೆ ದೊಡ್ಡ ಸಾಕ್ಷಿ ತಾಲ್ಮುದ್‌ನ ಮುದ್ರಣ. ನಾಜಿಗಳ ಡಕಾವ್ ಯಾತನಾ ಶಿಬಿರದಿಂದ ಬದುಕಿ ಬಂದ ರಬ್ಬಿ ಸ್ಯಾಮ್ಯುಯೆಲ್ ಸ್ನೀಗ್ ಮತ್ತು ಸ್ಯಾಮ್ಯುಯೆಲ್ ರೋಸ್, ಅಮೆರಿಕ ಸೇನೆಯ ಯೆಹೂದಿ ವ್ಯವಹಾರ ಸಲಹೆಗಾರರಾಗಿದ್ದ ರಬ್ಬಿ ಫಿಲಿಪ್ ಬರ್ನ್‌ಸ್ಟೈನ್ ಮುಂದೆ 1946ರಲ್ಲಿ ಕೋರಿಕೆಯಿಟ್ಟರು. ಸೇನೆಯ ಜನರಲ್ ಜೋಸೆಫ್ ಮೆಕ್‌ನಾರ್ನಿ ಒಪ್ಪಿದರು. ಖರ್ಚಿಗೆ ಜಾಯಿಂಟ್ ಕೂಡ ಕೈಜೋಡಿಸಿತು. ಅಚ್ಚಿಗೆ ಮಾದರಿಯಾಗಿಡಲು ಪೂರ್ತಿ ಪ್ರತಿ ಜರ್ಮನಿಯಲ್ಲಿ ದೊರಕದೆ ನ್ಯೂಯಾರ್ಕಿನಿಂದ ತರಿಸಬೇಕಾಯಿತು. ಕಾಗದದ ಬರ ವರ್ಷಗಟ್ಟಲೆ ಕಾಡಿತು. ಹೈಡೆಲ್‌ಬರ್ಗ್‌ನಲ್ಲಿ ಅಚ್ಚಾದ ಆ 19 ಸಂಪುಟಗಳ ಮುಖಪುಟದ ಕೆಳಭಾಗದಲ್ಲಿ ಮುಳ್ಳುತಂತಿಯ ಶಿಬಿರ, ಮೇಲೆ ತಾಳೆಮರಗಳ ಪವಿತ್ರ ನಾಡು. ಅರ್ಪಣೆ ಅಮೆರಿಕದ ಸೇನೆಗೆ.

ಕೆಲಸ ಮುಗಿದದ್ದು 1950ರಲ್ಲಿ. ಅಷ್ಟರಲ್ಲಿ ಶಿಬಿರವಾಸಿಗಳಲ್ಲಿ ಬಹುಪಾಲು ಜನ ಇಸ್ರೇಲಿಗೋ ಅಮೆರಿಕಕ್ಕೋ ಹೊರಟುಹೋಗಿದ್ದರು. ಗ್ರಂಥಗಳೂ ಅವರ ಹಿಂದೆಯೇ ಸಮುದ್ರ ದಾಟಬೇಕಾಯಿತು.