ಹಾವೂ ಅಲ್ಲ, ಎರೆಹುಳವೂ ಅಲ್ಲ: ತೋಟದ ಮಣ್ಣಿನ ಸಿಸಿಲಿಯನ್

ಶಿವಮೊಗ್ಗದ ಗೋಪಾಳದಿಂದ ನಾನು ಮಾತಾಡ್ತಾ ಇದೀನಿ. ಇವತ್ತು ಕಪ್ಪೆಯ ಒಬ್ಬ ನೆಂಟನ ಕಥೆ. ಈ ನೆಂಟನಿಗೆ ಕಾಲೇ ಇಲ್ಲ. ಹೆಸರು ಸಿಸಿಲಿಯನ್.

ಮಲೆನಾಡು, ಕರಾವಳಿ ಕಡೆ ಮಳೆಗಾಲದಲ್ಲಿ ತೋಟದ ಮಣ್ಣು ಅಗೆದಾಗ ಇದು ಒಮ್ಮೊಮ್ಮೆ ಮೇಲೆ ಬರುತ್ತೆ. ಲೋಳೆ ಚರ್ಮ, ಮೈತುಂಬ ಉಂಗುರ. ಚಿಕ್ಕದಾದರೆ ಎರೆಹುಳ ಅಂತ ಜನ ಬಿಡ್ತಾರೆ, ದೊಡ್ಡದಾದರೆ ಹಾವು ಅಂತ ಹೊಡೀತಾರೆ. ಹಳ್ಳಿಯವರನ್ನ ಬಯ್ಯೋದು ಬೇಡ. 1758ರಲ್ಲಿ ಲಿನೇಯಸ್ ಕೂಡ ಇದನ್ನು ಹಾವುಗಳ ಸಾಲಿಗೇ ಸೇರಿಸಿದ್ದ.

ಒಳಗೆ ನೋಡಿದರೆ ಇದು ಉಭಯವಾಸಿ. ತಲೆಬುರುಡೆಯ ಮೂಳೆಗಳು ಬಿಗಿಯಾಗಿ ಬೆಸೆದುಕೊಂಡಿವೆ. ಮಣ್ಣು ಕೊರೆಯೋಕೆ ತಲೆಯೇ ಹಾರೆ. ಕಣ್ಣು ಬರೀ ಚುಕ್ಕೆ. ಆ ಕೊರತೆ ತುಂಬೋಕೆ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಪುಟ್ಟ ಮೀಸೆಯಂಥ ಅಂಗವಿದೆ, ಅದರಿಂದ ವಾಸನೆ ಹಿಡಿಯುತ್ತೆ. ಇಕ್ತಿಯೋಫಿಸ್ ತಾಯಿ ಮೊಟ್ಟೆಗಳನ್ನು ಸುತ್ತಿಕೊಂಡು ಕಾಯುತ್ತೆ, ಮರಿ ಹೊರಬಂದು ನೀರಿಗಿಳಿಯುತ್ತೆ.

ಈ ದೇಹವನ್ನು ಅರಿಯೋದರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪಾಲು ದೊಡ್ಡದು. ಆಗ ಅದು ಮೈಸೂರು ವಿಶ್ವವಿದ್ಯಾಲಯದ ಭಾಗ. ಅಲ್ಲಿ ಪ್ರಾಣಿಶಾಸ್ತ್ರ ವಿಭಾಗ ಕಟ್ಟಿದವರು ಕಪ್ಪೆಗಳ ತಜ್ಞ ಸಿ. ಆರ್. ನಾರಾಯಣ ರಾವ್. 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಬಿ. ಆರ್. ಶೇಷಾಚಾರ್ 1936ರಿಂದ ಸಿಸಿಲಿಯನ್ನಿನ ವೀರ್ಯಾಣು ಹೇಗೆ ರೂಪುಗೊಳ್ಳುತ್ತೆ ಅಂತ ಬರೆಯುತ್ತಾ ಬಂದರು. 1939ರಲ್ಲಿ ಹೊಸ ಪ್ರಭೇದವೊಂದಕ್ಕೆ ನಾರಾಯಣ ರಾಯರ ಹೆಸರನ್ನೇ ಇಟ್ಟರು: ಯುರಿಯೋಟಿಫ್ಲಸ್ ನಾರಾಯಣಿ. ಅದೇ ಕಾಲದಲ್ಲಿ ಎಲ್. ಎಸ್. ರಾಮಸ್ವಾಮಿ ಸಿಸಿಲಿಯನ್ ತಲೆಬುರುಡೆಯನ್ನು ಅಧ್ಯಯನ ಮಾಡಿದರು.

ಹೀಗೆ ದೇಹದ ಒಳಗು ಗೊತ್ತಾಯ್ತು. ಆದರೆ ನಮ್ಮದೇ ನೆಲದ ಪ್ರಭೇದಗಳಿಗೆ ಹೆಸರು ಸಿಗೋಕೆ ಇನ್ನೂ ಅರ್ಧ ಶತಮಾನ ಹಿಡಿಯಿತು. 1999ರಲ್ಲಿ ದಕ್ಷಿಣ ಕನ್ನಡದ ಗುರುಪುರದ ಕೃಷ್ಣ ಫಾರ್ಮ್‌ನಿಂದ ಗೆಗೆನಿಯೋಫಿಸ್ ಕೃಷ್ಣಿ. 2004ರಲ್ಲಿ ಗೋಪಾಲಕೃಷ್ಣ ಭಟ್ಟ ಮತ್ತು ಶ್ರೀನಿವಾಸ ಅವರಿಂದ ಉಡುಪಿ ಜಿಲ್ಲೆಯ ಮುದೂರಿನ ಗೆಗೆನಿಯೋಫಿಸ್ ಮಾಧವೈ. 2007ರಲ್ಲಿ ಇಕ್ತಿಯೋಫಿಸ್ ಕೊಡಗುಯೆನ್ಸಿಸ್. ಊರು ಯಾವುದು ಅಂತ ಹೆಸರೇ ಹೇಳುತ್ತೆ.

ಗಮನಿಸಿ, ಕೃಷ್ಣಿ ಸಿಕ್ಕಿದ್ದು ದಟ್ಟ ಕಾಡಲ್ಲಲ್ಲ, ಫಾರ್ಮಿನಲ್ಲಿ. ಅಂದರೆ ಅಭಯಾರಣ್ಯದ ಬೇಲಿ ಒಂದೇ ಇವುಗಳನ್ನ ಕಾಯಲ್ಲ. ಚರ್ಮದಿಂದಲೂ ಉಸಿರಾಡೋ ಜೀವಿ ಇದು, ಮಣ್ಣಿಗೆ ಸುರಿದ ವಿಷ ನೇರ ಮೈಗೆ ತಾಗುತ್ತೆ. ಗುದ್ದಲಿ ಹಿಡಿದ ಕೈ ಒಂದು ಗಳಿಗೆ ತಡೆದರೆ ಸಾಕು. ಹೊಳೆಯೋ ಲೋಳೆ ಮೈ, ಸುತ್ತ ಉಂಗುರ, ಬಾಲ ಇಲ್ಲವೆನ್ನುವಷ್ಟು ಮೊಂಡು ಕಂಡರೆ ಒದ್ದೆ ತರಗೆಲೆ ಮೇಲೆಳೆದು ಬಿಟ್ಟುಬಿಡಿ.